ಮುರಿದ ಶಾಫ್ಟಿಗೆ ಯಾವ ಹೀಟ್ ಟ್ರೀಟ್‌ಮೆಂಟ್? ಮುರಿತದ ಮೈ ನೋಡಿ ಆಯ್ಕೆ ಮಾಡುವ ಬಗೆ

ಯಂತ್ರದ ಶಾಫ್ಟೋ ಪಿನ್ನೋ ಗೇರಿನ ಹಲ್ಲೋ ಮುರಿದಾಗ ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮೊದಲ ಮಾತು "ಹಾರ್ಡ್‌ನೆಸ್ ಸಾಲಲಿಲ್ಲ" ಎಂಬುದು. ಅದರ ಬೆನ್ನಿಗೇ ಡ್ರಾಯಿಂಗಿನಲ್ಲಿ 40 ಎಚ್‌ಆರ್‌ಸಿ (ರಾಕ್‌ವೆಲ್ ಅಳತೆಯಲ್ಲಿ ಗಡಸುತನ) ಇದ್ದದ್ದು 50 ಆಗುತ್ತದೆ, ಹೊಸ ಭಾಗ ತಯಾರಾಗಿ ಯಂತ್ರವನ್ನು ಸೇರುತ್ತದೆ, ಮತ್ತು ಅನೇಕ ಸಲ ಅದು ಹಳೆಯದಕ್ಕಿಂತ ಬೇಗನೆ ಮುರಿಯುತ್ತದೆ. ಗಡಸುತನವು ಸವೆತವನ್ನೂ ಮೈ ತಗ್ಗು ಬೀಳುವುದನ್ನೂ ತಡೆಯುತ್ತದೆ. ಈಗಾಗಲೇ ಇರುವ ಬಿರುಕು ಮುಂದುವರಿಯದಂತೆ ತಡೆಯುವ ಗುಣ, ಎಂದರೆ ಟಫ್‌ನೆಸ್, ಬೇರೆಯದು. ಒಂದು ಮಟ್ಟವನ್ನು ದಾಟಿದ ಮೇಲೆ ಇವೆರಡರಲ್ಲಿ ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕಡಿಮೆಯಾಗುತ್ತದೆ. ಆದಕಾರಣ ಯಾವ ಸಂಸ್ಕರಣೆ (ಹೀಟ್ ಟ್ರೀಟ್‌ಮೆಂಟ್, ಎಂದರೆ ಕಾಯಿಸಿ ತಣಿಸಿ ಉಕ್ಕಿನ ಗುಣ ಬದಲಿಸುವುದು) ಬೇಕೆಂಬ ಪ್ರಶ್ನೆಗೆ ಉತ್ತರವನ್ನು ಮೊದಲು ಮುರಿದ ತುಂಡಿನಲ್ಲಿ ಹುಡುಕಬೇಕು, ಆಮೇಲೆ ಹಾರ್ಡ್‌ನೆಸ್ ಪಟ್ಟಿಯಲ್ಲಿ.

ಈ ಬರಹದಲ್ಲಿ ಹೋಲಿಸಿರುವುದು ನಮ್ಮ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಇಎನ್8, ಇಎನ್19, ಇಎನ್24, 20ಎಂಎನ್‌ಸಿಆರ್5, ಇಎನ್36, ಇಎನ್41ಬಿ ಎಂಬ ದರ್ಜೆಗಳ ಉಕ್ಕುಗಳಿಗೆ ಕೊಡಬಹುದಾದ ಸಂಸ್ಕರಣೆಗಳನ್ನು: ಇಡೀ ಭಾಗವನ್ನು ಹಾರ್ಡನ್ ಮಾಡಿ (ಕಾಯಿಸಿ ತಟ್ಟನೆ ತಣಿಸಿ, ಎಂದರೆ ಕ್ವೆಂಚ್ ಮಾಡಿ, ಗಡಸಾಗಿಸಿ) ಟೆಂಪರ್ ಮಾಡುವುದು (ಮತ್ತೆ ಕಡಿಮೆ ಬಿಸಿಯಲ್ಲಿ ಕಾಯಿಸಿ ಪೆಡಸುತನ ತಗ್ಗಿಸುವುದು), ಇಂಡಕ್ಷನ್ ಹಾರ್ಡನಿಂಗ್, ಕೇಸ್ ಕಾರ್ಬರೈಸಿಂಗ್, ನೈಟ್ರೈಡಿಂಗ್ ಮತ್ತು ಶಾಟ್ ಪೀನಿಂಗ್. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಜಾಬ್ ವರ್ಕ್ ಮಾಡಿಸುವವರಿಗೂ, ಸಕ್ಕರೆ ಕಾರ್ಖಾನೆಯ ಅಥವಾ ಕೃಷಿ ಯಂತ್ರಗಳ ನಿರ್ವಹಣೆ ನೋಡಿಕೊಳ್ಳುವವರಿಗೂ, ಡಿಪ್ಲೊಮಾ ವಿದ್ಯಾರ್ಥಿಗಳಿಗೂ ಇದು ಉಪಯೋಗವಾಗಬಹುದು.

ಮೊದಲು ಮುರಿದ ಮೈಯನ್ನು ಓದುವುದು

ಮುರಿದ ಎರಡು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ನೋಡುವ ಆಸೆಯನ್ನು ತಡೆದುಕೊಳ್ಳಬೇಕು. ಹಾಗೆ ಜೋಡಿಸಿದರೆ ಓದಬೇಕಾದ ಸೂಕ್ಷ್ಮ ಗುರುತುಗಳೇ ಉಜ್ಜಿ ಅಳಿದುಹೋಗುತ್ತವೆ. ವೈರ್ ಬ್ರಷ್ ಮತ್ತು ಎಮರಿ ಹಾಳೆಯನ್ನು ದೂರವಿಟ್ಟು, ಥಿನ್ನರಿನಲ್ಲಿ ಅದ್ದಿದ ಮೃದುವಾದ ಬ್ರಷ್ಷಿನಿಂದ ತೊಳೆದು, ಒಣಗಿಸಿ, ತೆಳುವಾಗಿ ಎಣ್ಣೆ ಸವರಿ ಇಡಬೇಕು. ಹಗಲ ಬೆಳಕಿನಲ್ಲಿ ತುಂಡನ್ನು ಓರೆಯಾಗಿ ಹಿಡಿದು ಹತ್ತು ಪಟ್ಟು ಹಿಗ್ಗಿಸುವ ಲೆನ್ಸಿನಿಂದ ನೋಡಿದರೆ, ಪ್ರಯೋಗಾಲಯಕ್ಕೆ ಕಳುಹಿಸುವ ಮೊದಲೇ ಮುಖ್ಯ ವಿಷಯ ಬಹುಪಾಲು ತಿಳಿಯುತ್ತದೆ.

ಭಾಗ ಬಾಗಿದೆ, ಮುರಿತದ ಹತ್ತಿರ ಸಣ್ಣಗಾಗಿದೆ ಅಥವಾ ತಿರುಚಿಕೊಂಡಿದೆ, ಮುರಿದ ಮೈ ಮಂಕು ಬೂದುಬಣ್ಣದ್ದಾಗಿ ನಾರುನಾರಾಗಿದೆ, ಅಂಚಿನಲ್ಲಿ ಸುಮಾರು 45 ಡಿಗ್ರಿ ಓರೆಯ ತುಟಿಯಿದೆ ಎಂದಾದರೆ ಅದು ತನ್ಯ ಮುರಿತ. ಉಕ್ಕು ತನ್ನ ಶಕ್ತಿಯಿರುವಷ್ಟೂ ತಾಳಿ, ಮೊದಲು ರೂಪಗೆಟ್ಟು, ಬಳಿಕ ಮುರಿದಿದೆ. ಇಂಥ ಮುರಿತಕ್ಕೆ ಮಾತ್ರ "ಇನ್ನಷ್ಟು ಬಲವಾದದ್ದು ಬೇಕು" ಎಂಬ ಉತ್ತರ ನೇರವಾಗಿ ಹೊಂದುತ್ತದೆ. ಆಗಲೂ ಯಂತ್ರ ಸಿಕ್ಕಿಕೊಂಡಿತ್ತೇ, ಶಿಯರ್ ಪಿನ್ನಿನ (ಹೊರೆ ಮೀರಿದಾಗ ತಾನೇ ತುಂಡಾಗಿ ಯಂತ್ರವನ್ನು ಕಾಯುವ ಪಿನ್ನಿನ) ಬದಲು ಯಾರಾದರೂ ಗಟ್ಟಿ ಬೋಲ್ಟು ಹಾಕಿದ್ದರೇ ಎಂದು ವಿಚಾರಿಸುವುದು ಒಳ್ಳೆಯದು.

ಯಾವ ಬಾಗೂ ಇಲ್ಲದೆ ಭಾಗ ತಟ್ಟನೆ ತುಂಡಾಗಿದ್ದು, ಮೈ ಹೊಳೆಯುವ ಹರಳುಹರಳಾಗಿದ್ದರೆ ಅದು ಪೆಡಸು ಮುರಿತ. ಅಗಲವಾದ ಭಾಗಗಳಲ್ಲಿ ಇಂಥ ಮೈಮೇಲೆ ಬಾಣದ ತುದಿಯಾಕಾರದ ಗೆರೆಗಳು ಕಾಣುತ್ತವೆ. ಅವುಗಳ ಮೊನೆ ಬಿರುಕು ಹುಟ್ಟಿದ ಜಾಗದ ಕಡೆ ತೋರಿಸುತ್ತದೆ. ತಿರುಚು ಬಲಕ್ಕೆ ಸಿಕ್ಕ ಶಾಫ್ಟಿನಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ: ತನ್ಯವಾದ ಶಾಫ್ಟು ಅಕ್ಷಕ್ಕೆ ಅಡ್ಡಲಾಗಿ ಚಪ್ಪಟೆಯಾಗಿ ಮುರಿದರೆ, ಪೆಡಸಾದ ಶಾಫ್ಟು 45 ಡಿಗ್ರಿ ಸುರುಳಿಯಾಗಿ ಸೀಳುತ್ತದೆ. ಪೆಡಸು ಮುರಿತದ ಮೈ ಕಲ್ಲುಸಕ್ಕರೆಯ ಹರಳುಗಳನ್ನು ಒತ್ತಿಟ್ಟಂತೆ ಮುಖಮುಖವಾಗಿ ಕಂಡರೆ, ಬಿರುಕು ಉಕ್ಕಿನ ಕಣಗಳ ನಡುವಿನ ಗಡಿಯನ್ನೇ ಹಿಡಿದು ಸಾಗಿದೆ ಎಂದರ್ಥ. ಅತಿಯಾಗಿ ಕಾಯಿಸಿದ್ದು, ಟೆಂಪರಿಂಗ್ ತಪ್ಪಿದ್ದು, ಪ್ಲೇಟಿಂಗಿನಲ್ಲಿ ಹೈಡ್ರೋಜನ್ ಒಳಸೇರಿದ್ದು, ಇವುಗಳಲ್ಲಿ ಒಂದನ್ನು ಆಗ ಶಂಕಿಸಬೇಕು.

ಮೂರನೆಯದಾದ ಫಟೀಗ್ ಅಥವಾ ದಣಿವಿನ ಮುರಿತವೇ ತಿರುಗುವ ಭಾಗಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ಒಂದು ಬದಿಯಿಂದ ಆರಂಭವಾಗಿ ನಯವಾಗಿ ಹರಡಿದ ಪ್ರದೇಶ, ಅದರ ಮೇಲೆ ಒಂದರ ಹಿಂದೊಂದು ಬಿಲ್ಲಿನಾಕಾರದ ಗೆರೆಗಳು, ಕೊನೆಯಲ್ಲಿ ಒಮ್ಮೆಲೇ ಹರಿದ ಒರಟು ಭಾಗ, ಇವು ಅದರ ಲಕ್ಷಣಗಳು. ಒರಟು ಭಾಗ ಚಿಕ್ಕದಾಗಿದ್ದರೆ ಹೊರೆ ಅಷ್ಟೇನೂ ಹೆಚ್ಚಿರಲಿಲ್ಲವೆಂದೂ, ಬಿರುಕು ನಿಧಾನವಾಗಿ ಬಹುಕಾಲ ಬೆಳೆಯಿತೆಂದೂ ತಿಳಿಯಬೇಕು. ಅಂಚಿನ ಸುತ್ತಲೂ ಹಲವು ಕಡೆ ಬಿರುಕು ಹುಟ್ಟಿ, ಅವುಗಳ ನಡುವೆ ಚಿಕ್ಕ ಮೆಟ್ಟಿಲುಗಳು ಮೂಡಿದ್ದರೆ ಆ ಜಾಗದ ಮೂಲೆ ತೀರಾ ಚೂಪಾಗಿದೆ ಎಂಬುದಕ್ಕೆ ಅದು ಸಾಕ್ಷಿ.

"ಕಂಪನಕ್ಕೆ ಸಿಕ್ಕಿ ಲೋಹ ಕ್ರಿಸ್ಟಲೈಸ್ ಆಗಿ ಮುರಿಯಿತು" ಎಂಬ ಮಾತು ಇಂದಿಗೂ ವರ್ಕ್‌ಶಾಪುಗಳಲ್ಲಿ ಓಡಾಡುತ್ತದೆ. ಇದು 19ನೇ ಶತಮಾನದ ನಂಬಿಕೆ. 1842ರಲ್ಲಿ ಫ್ರಾನ್ಸಿನ ವರ್ಸೈ ಬಳಿ ರೈಲು ಎಂಜಿನ್ನಿನ ಅಚ್ಚು (ಆಕ್ಸಲ್) ಮುರಿದು ಬಹಳ ಜನ ಸತ್ತ ಮೇಲೆ ಅಚ್ಚುಗಳ ಮುರಿತ ಗಂಭೀರ ಅಧ್ಯಯನದ ವಿಷಯವಾಯಿತು. ಮರುವರ್ಷವೇ ಸ್ಕಾಟ್ಲೆಂಡಿನ ರಾಂಕಿನ್ ಮುರಿದ ಅಚ್ಚುಗಳನ್ನು ಪರಿಶೀಲಿಸಿ, ವ್ಯಾಸ ಬದಲಾಗುವ ಚೂಪು ಮೂಲೆಯಲ್ಲಿ ಬಿರುಕು ಹುಟ್ಟಿ ಕ್ರಮೇಣ ಒಳಗೆ ಸಾಗುತ್ತದೆಂದೂ, ಆ ಮೂಲೆಯನ್ನು ದುಂಡಗೆ ಮಾಡಬೇಕೆಂದೂ ಹೇಳಿದ. ಬಳಿಕ ಜರ್ಮನಿಯ ರೈಲ್ವೆ ಎಂಜಿನಿಯರ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ನಡೆಸಿದ ಪರೀಕ್ಷೆಗಳು, ಒಮ್ಮೆ ಹೊರಲು ಸುಲಭವಾದ ಹೊರೆಯೇ ಲಕ್ಷಾಂತರ ಸಲ ಮರುಕಳಿಸಿದಾಗ ಉಕ್ಕನ್ನು ಮುರಿಯುತ್ತದೆಂದು ತೋರಿಸಿದವು. ಹರಳುಹರಳಾಗಿ ಕಾಣುವುದು ಕೊನೆಯಲ್ಲಿ ತಟ್ಟನೆ ಹರಿದ ಭಾಗ ಮಾತ್ರ. ಉಕ್ಕು ಹುಟ್ಟಿನಿಂದಲೇ ಹರಳುಗಳಿಂದಾದದ್ದು.

ಗಡಸುತನ ಹೆಚ್ಚಿಸಿದರೆ ಏನು ಕಳೆದುಕೊಳ್ಳುತ್ತೇವೆ

ಗಾಜಿನ ಮೇಲೆ ಪ್ರಯೋಗ ಮಾಡಿದ ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ವಿಚಾರ ಸರಳವಾದದ್ದು: ಯಾವ ವಸ್ತುವೂ ದೋಷರಹಿತವಲ್ಲ, ಬಿರುಕು ಬೆಳೆದಾಗ ಬಿಡುಗಡೆಯಾಗುವ ಶಕ್ತಿಯು ಹೊಸ ಮೈಯನ್ನು ಸೃಷ್ಟಿಸಲು ಬೇಕಾದ ಶಕ್ತಿಯನ್ನು ಮೀರಿದ ಕ್ಷಣದಿಂದ ಬಿರುಕು ತಾನೇ ತಾನಾಗಿ ಓಡುತ್ತದೆ. ಉಕ್ಕಿನಲ್ಲಿ ಬಿರುಕಿನ ತುದಿ ಮೆತ್ತಗೆ ರೂಪಗೆಟ್ಟು ಮೊಂಡಾಗುವುದರಿಂದ ಬಹಳಷ್ಟು ಶಕ್ತಿ ಅಲ್ಲಿಯೇ ಖರ್ಚಾಗುತ್ತದೆ. ಗಡಸಾದಂತೆಲ್ಲ ಆ ಮೊಂಡಾಗುವಿಕೆ ಕಡಿಮೆಯಾಗುತ್ತದೆ.

ಇಎನ್24ಕ್ಕೆ ಬಹಳ ಹತ್ತಿರದ ಅಮೆರಿಕನ್ ದರ್ಜೆಯಾದ 4340 ಉಕ್ಕಿನ ಅಂಕಿಗಳನ್ನು ನೋಡಿದರೆ ಇದರ ಗಾತ್ರ ತಿಳಿಯುತ್ತದೆ. 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಟೆಂಪರ್ ಮಾಡಿದಾಗ ಅದರ ಯೀಲ್ಡ್ ಬಲ (ಶಾಶ್ವತವಾಗಿ ರೂಪಗೆಡಲು ಆರಂಭಿಸುವ ಒತ್ತಡ) ಸುಮಾರು 1640 ಮೆಗಾಪಾಸ್ಕಲ್, ಮುರಿತ ತಡೆಯುವ ಗುಣದ ಅಳತೆ ಸುಮಾರು 50 ಮೆಗಾಪಾಸ್ಕಲ್ ರೂಟ್ ಮೀಟರ್. 425 ಡಿಗ್ರಿಯಲ್ಲಿ ಟೆಂಪರ್ ಮಾಡಿದರೆ ಬಲ 1420ಕ್ಕೆ ಇಳಿದು, ಎರಡನೆಯ ಅಳತೆ ಸುಮಾರು 87ಕ್ಕೆ ಏರುತ್ತದೆ. ಈಗ ಭಾಗದ ಮೇಲ್ಮೈಯಲ್ಲಿ 800 ಮೆಗಾಪಾಸ್ಕಲ್ ಎಳೆತವಿದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಮೊದಲನೆಯದು ಸುಮಾರು 1 ಮಿ.ಮೀ. ಆಳದ ಬಿರುಕಿಗೇ ತುಂಡಾಗುತ್ತದೆ. ಎರಡನೆಯದು ಸುಮಾರು 3 ಮಿ.ಮೀ. ವರೆಗೆ ತಾಳುತ್ತದೆ. ಬಲದಲ್ಲಿ ಬಿಟ್ಟುಕೊಟ್ಟದ್ದು ಏಳರಲ್ಲಿ ಒಂದು ಪಾಲಿಗೂ ಕಡಿಮೆ. ಪ್ರತಿಯಾಗಿ ದೊರೆತದ್ದು ಮೂರು ಪಟ್ಟು ದೊಡ್ಡ ಬಿರುಕನ್ನು ಸಹಿಸುವ ಗುಣ. 3 ಮಿ.ಮೀ. ಬಿರುಕನ್ನು ತಪಾಸಣೆಯಲ್ಲಿ ಹಿಡಿಯುವ ಅವಕಾಶವೂ ಹೆಚ್ಚು.

ಟೆಂಪರಿಂಗ್ ತಾಪಮಾನ ಏರಿದಂತೆಲ್ಲ ಟಫ್‌ನೆಸ್ ಸಮವಾಗಿ ಏರುತ್ತದೆಂದು ಭಾವಿಸುವಂತಿಲ್ಲ. ಮಿಶ್ರಲೋಹದ ಉಕ್ಕುಗಳಲ್ಲಿ ಸುಮಾರು 260ರಿಂದ 370 ಡಿಗ್ರಿಯ ನಡುವೆ ಟೆಂಪರ್ ಮಾಡಿದಾಗ ಹಾರ್ಡ್‌ನೆಸ್ ಕಡಿಮೆಯಾದರೂ ಹೊಡೆತ ತಾಳುವ ಗುಣವೂ ಕುಗ್ಗುವ ವಿಚಿತ್ರ ಪಟ್ಟಿಯೊಂದಿದೆ. ಸುಮಾರು 375ರಿಂದ 575 ಡಿಗ್ರಿಯ ವ್ಯಾಪ್ತಿಯಲ್ಲಿ ನಿಧಾನವಾಗಿ ತಣಿಸಿದರೆ ರಂಜಕ, ತವರದಂಥ ಕಲ್ಮಶಗಳು ಕಣಗಳ ಗಡಿಗೆ ಸೇರಿ ಇನ್ನೊಂದು ಬಗೆಯ ಪೆಡಸುತನ ಬರುತ್ತದೆ. ಇಎನ್19 ಮತ್ತು ಇಎನ್24ರಲ್ಲಿ ಮಾಲಿಬ್ಡಿನಮ್ ಸೇರಿಸಿರುವುದಕ್ಕೆ ಇದನ್ನು ತಗ್ಗಿಸುವುದೂ ಒಂದು ಕಾರಣ. ಇವೆರಡನ್ನೂ ಹಾರ್ಡ್‌ನೆಸ್ ಟೆಸ್ಟರ್ ತೋರಿಸುವುದಿಲ್ಲ, ತೋರಿಸುವುದು ಗೀರಿದ ತುಂಡನ್ನು ಒಂದೇ ಹೊಡೆತಕ್ಕೆ ಮುರಿದು ಅಳೆಯುವ ಚಾರ್ಪಿ ಪರೀಕ್ಷೆ. ಹಾಗಾಗಿ 45ರಿಂದ 50 ಎಚ್‌ಆರ್‌ಸಿ ಕೇಳುವವರು, ಆ ಸಂಖ್ಯೆ ಯಾವ ಟೆಂಪರಿಂಗ್ ತಾಪಮಾನವನ್ನು ಬೇಡುತ್ತದೆಂದು ಹೀಟ್ ಟ್ರೀಟರ್ ಬಳಿ ಕೇಳಿ ತಿಳಿದುಕೊಳ್ಳಬೇಕು.

ಶೀತದಲ್ಲಿಯೂ ಉಕ್ಕು ಪೆಡಸಾಗುತ್ತದೆ. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಹೊಸದಾಗಿ ಕಟ್ಟಿದ ಸ್ಕೆನೆಕ್ಟಡಿ ಎಂಬ ತೈಲ ಹಡಗು ನಿಂತಲ್ಲೇ ಎರಡಾಗಿ ಒಡೆದದ್ದು ಇದರ ಪ್ರಸಿದ್ಧ ಉದಾಹರಣೆ. ನಮ್ಮ ಹವೆಗೆ ಇದು ಅನ್ವಯಿಸದು ಎನ್ನುವವರು ಗಮನಿಸಬೇಕಾದ್ದೆಂದರೆ, ಅತಿಯಾಗಿ ಕಾಯಿಸಿ ಕಣ ದಪ್ಪವಾದ ಉಕ್ಕಿನಲ್ಲಿ ಈ ಬದಲಾವಣೆ ಸಾಧಾರಣ ಕೋಣೆಯ ತಾಪಮಾನದಲ್ಲಿಯೇ ನಡೆಯಬಹುದು. ಫೋರ್ಜಿಂಗ್ ಆದ ಮೇಲೆ, ಕಾಯಿಸಿ ಗಾಳಿಯಲ್ಲಿ ತಣಿಸಿ ಕಣವನ್ನು ಸಣ್ಣಗೊಳಿಸುವ ನಾರ್ಮಲೈಸಿಂಗನ್ನು ಬಿಟ್ಟುಬಿಡುವುದು ಉಳಿತಾಯವಲ್ಲ.

ಪೂರ್ತಿ ಹಾರ್ಡನಿಂಗ್ ಮತ್ತು ಟೆಂಪರಿಂಗ್: ಇಎನ್8, ಇಎನ್19, ಇಎನ್24

ಬಾಗುವ ಮತ್ತು ತಿರುಚುವ ಹೊರೆಯ ಸಾಮಾನ್ಯ ಶಾಫ್ಟುಗಳಿಗೆ ಇದೇ ಮೊದಲ ಆಯ್ಕೆ. ನಾರ್ಮಲೈಸ್ ಮಾಡಿದ ಇಎನ್8ರ ಎಳೆತದ ಬಲ ಸುಮಾರು 550 ಮೆಗಾಪಾಸ್ಕಲ್. ಟಿ ಸ್ಥಿತಿಯಲ್ಲಿ (ಮೊದಲೇ ಹಾರ್ಡನ್ ಮತ್ತು ಟೆಂಪರ್ ಆಗಿ) ಕೊಳ್ಳುವ ಇಎನ್19 ಅಥವಾ ಇಎನ್24ರ ಬಲ 850ರಿಂದ 1000. ಬೆಲೆಯಲ್ಲಿಯೂ ಇದೇ ಏರಿಕೆಯ ಕ್ರಮ. ಇಎನ್8ಕ್ಕೆ ಗಡಸಾಗುವ ಆಳ ಕಡಿಮೆ. ದಪ್ಪ ಶಾಫ್ಟನ್ನು ಕ್ವೆಂಚ್ ಮಾಡಿದರೆ ಹೊರಮೈ ಮಾತ್ರ ಗಡಸಾಗಿ ನಡುಭಾಗ ಮೆತ್ತಗೆ ಉಳಿಯುತ್ತದೆ. ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಮ್ ಮೂರೂ ಇರುವ ಇಎನ್24 ಎಣ್ಣೆಯಲ್ಲಿ ತಣಿಸಿದರೂ 100 ಮಿ.ಮೀ. ದಪ್ಪದವರೆಗೆ ಚೆನ್ನಾಗಿ ಸ್ಪಂದಿಸುತ್ತದೆ. ಇಎನ್19 ನಡುವಿನದು. ನನ್ನ ಅಭಿಪ್ರಾಯದಲ್ಲಿ 50 ಮಿ.ಮೀ. ಒಳಗಿನ ಬಹುಪಾಲು ಶಾಫ್ಟುಗಳಿಗೆ ಇಎನ್24ರ ಹೆಚ್ಚುವರಿ ಬೆಲೆ ಕೊಡುವ ಅಗತ್ಯವಿಲ್ಲ. ಹೊಡೆತ ಬೀಳುವ ಭಾಗವಾದರೆ ಮಾತ್ರ ಅದರ ನಿಕ್ಕಲ್ ಸಾರ್ಥಕವಾಗುತ್ತದೆ.

ಇಲ್ಲಿ ಎರಡು ತಪ್ಪು ನಿರೀಕ್ಷೆಗಳನ್ನು ಹೇಳಬೇಕು. ಶಾಫ್ಟು ಹೊರೆ ಬಿದ್ದಾಗ ಜಾಸ್ತಿ ಬಾಗುತ್ತದೆ, ಹೊರೆ ತೆಗೆದರೆ ನೆಟ್ಟಗಾಗುತ್ತದೆ ಎಂಬ ದೂರಿಗೆ ಯಾವ ಹೀಟ್ ಟ್ರೀಟ್‌ಮೆಂಟೂ ಪರಿಹಾರವಲ್ಲ, ಏಕೆಂದರೆ ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ ಇಎನ್8 ಆದರೂ ಇಎನ್24 ಆದರೂ, ಮೆತ್ತಗಿದ್ದರೂ ಗಡಸಾಗಿದ್ದರೂ ಸುಮಾರು 200ರಿಂದ 210 ಗಿಗಾಪಾಸ್ಕಲ್ ಆಗಿಯೇ ಇರುತ್ತದೆ. ಅದಕ್ಕೆ ವ್ಯಾಸ ಹೆಚ್ಚಿಸಬೇಕು. ಬಾಗುವಿಕೆ ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುವುದರಿಂದ 40 ಮಿ.ಮೀ. ಶಾಫ್ಟನ್ನು 45 ಮಾಡಿದರೆ ಬಾಗು ಸುಮಾರು ಮೂರರಲ್ಲಿ ಎರಡು ಪಾಲಿಗಿಂತ ಕೆಳಗೆ ಇಳಿಯುತ್ತದೆ. ಎರಡನೆಯದು ಫಟೀಗ್ ಬಗ್ಗೆ. ಪಾಲಿಷ್ ಮಾಡಿದ ಮಾದರಿಯಲ್ಲಿ ಫಟೀಗ್ ತಾಳುವ ಒತ್ತಡ ಎಳೆತದ ಬಲದ ಸುಮಾರು ಅರ್ಧ ಎಂಬ ನಿಯಮ 1400 ಮೆಗಾಪಾಸ್ಕಲ್ ಆಸುಪಾಸಿನವರೆಗೆ ಮಾತ್ರ ನಡೆಯುತ್ತದೆ. ಆಮೇಲೆ ಬಲ ಹೆಚ್ಚಿದರೂ ಅದು ಹೆಚ್ಚುವುದಿಲ್ಲ. ಅಲ್ಲದೆ ಉಕ್ಕು ಬಲವಾದಷ್ಟೂ ಟೂಲ್ ಮಾರ್ಕು, ತುಕ್ಕಿನ ಗುಳಿ, ಚೂಪಾದ ಕೀವೇ ಮೂಲೆಗಳು ಅದಕ್ಕೆ ಹೆಚ್ಚು ಹಾನಿ ಮಾಡುತ್ತವೆ. 0.5 ಮಿ.ಮೀ. ಫಿಲ್ಲೆಟ್ಟನ್ನು (ವ್ಯಾಸ ಬದಲಾಗುವ ಮೂಲೆಯ ದುಂಡನ್ನು) 3 ಮಿ.ಮೀ. ಮಾಡಲು ಲೇತಿನಲ್ಲಿ ತಗಲುವ ಖರ್ಚು ಅತ್ಯಲ್ಪ, ಅದರಿಂದ ಬರುವ ಲಾಭವನ್ನು ದುಬಾರಿ ಉಕ್ಕು ಎಷ್ಟೋ ಸಲ ಕೊಡಲಾರದು.

ಇಂಡಕ್ಷನ್ ಹಾರ್ಡನಿಂಗ್

ಶಾಫ್ಟಿನ ಒಂದು ಜಾಗ ಮಾತ್ರ, ಉದಾಹರಣೆಗೆ ಆಯಿಲ್ ಸೀಲ್ ಅಥವಾ ಬುಷ್ ಕೂರುವ ಜಾಗ, ಸವೆಯುತ್ತಿದ್ದರೆ ಇದಕ್ಕಿಂತ ಅಗ್ಗದ ಮತ್ತು ಬೇಗನೆ ಮುಗಿಯುವ ವಿಧಾನ ಇಲ್ಲ. ಕಾಯಿಲ್ ಒಳಗೆ ಕೆಲವೇ ಸೆಕೆಂಡುಗಳಲ್ಲಿ ಮೇಲ್ಮೈ ಕಾಯ್ದು, ತಕ್ಷಣ ಕ್ವೆಂಚ್ ಆಗಿ, ಸಾಮಾನ್ಯವಾಗಿ 1ರಿಂದ 5 ಮಿ.ಮೀ. ಆಳದವರೆಗೆ 50ರಿಂದ 58 ಎಚ್‌ಆರ್‌ಸಿ ಗಡಸುತನ ಬರುತ್ತದೆ. ಉಕ್ಕಿನಲ್ಲೇ ಸಾಕಷ್ಟು ಇಂಗಾಲ ಇರಬೇಕಾದ್ದರಿಂದ ಇಎನ್8, ಇಎನ್9, ಇಎನ್19 ಇದಕ್ಕೆ ಒಗ್ಗುತ್ತವೆ. ಮೈಲ್ಡ್ ಸ್ಟೀಲನ್ನು ಇಂಡಕ್ಷನ್ ಮಾಡಿಸಲು ಕೊಡುವುದು ದುಡ್ಡು ಕೊಟ್ಟು ಬಿಸಿ ಮಾಡಿಸಿಕೊಂಡಂತೆಯೇ ಸರಿ. ಇಎನ್19ಕ್ಕೆ ನೀರಿನ ಬದಲು ಪಾಲಿಮರ್ ದ್ರಾವಣದಲ್ಲಿ ತಣಿಸಿದರೆ ಬಿರುಕಿನ ಭಯ ಕಡಿಮೆ.

ಗಡಸಾದ ಪದರ ಹಿಗ್ಗಲು ಪ್ರಯತ್ನಿಸಿ ಒಳಗಿನ ಭಾಗ ಅದನ್ನು ತಡೆಯುವುದರಿಂದ ಮೇಲ್ಮೈಯಲ್ಲಿ ಒತ್ತಿಹಿಡಿದ ಸಂಪೀಡನ ಉಳಿಯುತ್ತದೆ, ಅದು ಫಟೀಗ್ ಬಿರುಕನ್ನು ತಡೆಯುತ್ತದೆ. ಆದರೆ ಪದರ ಮುಗಿಯುವ ಗಡಿಯಲ್ಲಿ ಇದಕ್ಕೆ ವಿರುದ್ಧವಾಗಿ ಎಳೆತ ಉಳಿಯುತ್ತದೆ. ಆ ಗಡಿ ಸರಿಯಾಗಿ ಫಿಲ್ಲೆಟ್ಟಿನಲ್ಲಿ ಬಂದರೆ, ವ್ಯಾಸ ಬದಲಾವಣೆಯ ಒತ್ತಡವೂ ಉಳಿಕೆ ಎಳೆತವೂ ಒಂದೇ ಕಡೆ ಕೂಡಿ ಶಾಫ್ಟು ಅಲ್ಲಿಯೇ ಮುರಿಯುತ್ತದೆ. ಪದರವು ಫಿಲ್ಲೆಟ್ಟನ್ನು ಪೂರ್ತಿ ಒಳಗೊಳ್ಳಬೇಕು, ಇಲ್ಲವೇ ಅದಕ್ಕಿಂತ ಸಾಕಷ್ಟು ಹಿಂದೆಯೇ ನಿಲ್ಲಬೇಕು. ಡ್ರಾಯಿಂಗಿನಲ್ಲಿ "ಇಂಡಕ್ಷನ್ ಹಾರ್ಡನ್, 55 ಎಚ್‌ಆರ್‌ಸಿ" ಎಂದಷ್ಟೇ ಬರೆದು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಕಾಯಿಲ್ ನಡೆಸುವವನ ವಿವೇಕಕ್ಕೆ ಬಿಡುವುದರ ಫಲ ಇದು.

ಕೇಸ್ ಕಾರ್ಬರೈಸಿಂಗ್

ಗೇರು, ಪಿನಿಯನ್, ಕ್ಯಾಮ್‌ಗಳಿಗೆ, ಎಂದರೆ ಮೇಲ್ಮೈಯಲ್ಲಿ ಭಾರೀ ಒತ್ತುವಿಕೆಯೂ ಹಲ್ಲಿನ ಬುಡದಲ್ಲಿ ಬಾಗುವಿಕೆಯೂ ಒಟ್ಟಿಗೆ ಇರುವೆಡೆಗೆ, ಇದನ್ನು ಮೀರಿಸುವುದು ಕಷ್ಟ. 0.2 ಶೇಕಡಾ ಆಸುಪಾಸಿನ ಇಂಗಾಲವಿರುವ 20ಎಂಎನ್‌ಸಿಆರ್5 ಅಥವಾ ಇಎನ್36ನ್ನು 900ರಿಂದ 950 ಡಿಗ್ರಿಯಲ್ಲಿ ಇಂಗಾಲ ತುಂಬಿದ ವಾತಾವರಣದಲ್ಲಿಟ್ಟು, ಮೈಯಲ್ಲಿ ಇಂಗಾಲವನ್ನು ಸುಮಾರು 0.8 ಶೇಕಡಾಕ್ಕೆ ಏರಿಸಿ ಕ್ವೆಂಚ್ ಮಾಡಿ, 150ರಿಂದ 200 ಡಿಗ್ರಿಯಲ್ಲಿ ಟೆಂಪರ್ ಮಾಡಿದಾಗ ಹೊರಗೆ 58ರಿಂದ 62 ಎಚ್‌ಆರ್‌ಸಿಯ ಗಡಸು ಪದರ (ಇದೇ ಕೇಸ್), ಒಳಗೆ ಹೊಡೆತ ತಾಳುವ ತಿರುಳು ಸಿಗುತ್ತದೆ. ಇಂಗಾಲ ಒಳಗಿಳಿಯುವ ಆಳ ಸಮಯದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ ಎರಡು ಪಟ್ಟು ಆಳ ಬೇಕಾದರೆ ನಾಲ್ಕು ಪಟ್ಟು ಹೊತ್ತು ಫರ್ನೇಸು ಉರಿಯಬೇಕು. ಡ್ರಾಯಿಂಗಿನಲ್ಲಿ ಸುಮ್ಮನೆ "1.5 ಮಿ.ಮೀ. ಕೇಸ್" ಎಂದು ಬರೆಯುವ ಮೊದಲು ಈ ಲೆಕ್ಕ ನೆನಪಿರಲಿ, ಚಿಕ್ಕ ಹಲ್ಲಿನ ಗೇರಿಗೆ ಅಷ್ಟು ಆಳ ಕೊಟ್ಟರೆ ಹಲ್ಲಿನ ತುದಿಯಲ್ಲಿ ಎರಡೂ ಬದಿಯ ಕೇಸ್ ಕೂಡಿಕೊಂಡು ತಿರುಳೇ ಉಳಿಯದೆ, ತುದಿ ಚಕ್ಕೆ ಏಳುತ್ತದೆ.

ಇಂಗಾಲ ಅತಿಯಾದರೆ ಕಣಗಳ ಗಡಿಯಲ್ಲಿ ಕಾರ್ಬೈಡಿನ ಬಲೆ ಮೂಡಿ ಕೇಸ್ ಪೆಡಸಾಗುತ್ತದೆ. ನಿಕ್ಕಲ್ ಹೆಚ್ಚಿರುವ ಇಎನ್36ರಲ್ಲಿ ಗಡಸಾಗದೆ ಉಳಿದ ಆಸ್ಟೆನೈಟ್ (ಕಾದ ಉಕ್ಕಿನ ಮೆತ್ತಗಿನ ರೂಪ) ಹೆಚ್ಚಿ ಹಾರ್ಡ್‌ನೆಸ್ ಸಿಗದೆ ಹೋಗಬಹುದು, ಅದಕ್ಕೆ ಸಬ್‌ಝೀರೋ ಸಂಸ್ಕರಣೆ (ಸೊನ್ನೆ ಡಿಗ್ರಿಗಿಂತ ಕೆಳಗೆ ತಣಿಸುವುದು) ಮಾಡಿಸುವವರೂ ಇದ್ದಾರೆ. ದೊಡ್ಡ ಅನನುಕೂಲ ವಕ್ರವಾಗುವುದು: ಉದ್ದನೆಯ ಭಾಗ ಕ್ವೆಂಚಿನಲ್ಲಿ ಬಾಗಿ, ಅದನ್ನು ಸರಿಪಡಿಸಲು ಗ್ರೈಂಡಿಂಗ್ ಮಾಡುವಾಗ ಒಂದು ಬದಿಯ ಕೇಸ್ ಪೂರ್ತಿ ಹಾರಿಹೋಗುತ್ತದೆ. 200 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಕೆಲಸ ಮಾಡುವ ಭಾಗಕ್ಕೂ ಇದು ಸಲ್ಲದು, ಗಡಸುತನ ಇಳಿಯುತ್ತದೆ.

ನೈಟ್ರೈಡಿಂಗ್

ಉದ್ದನೆಯ ಸ್ಪಿಂಡಲ್, ಲೀಡ್ ಸ್ಕ್ರೂ, ಎಕ್ಸ್‌ಟ್ರೂಡರ್ ಸ್ಕ್ರೂ ಮುಂತಾದ, ಅಳತೆ ಕೆಡಬಾರದ ಭಾಗಗಳಿಗೆ ನೈಟ್ರೈಡಿಂಗ್ ಸೂಕ್ತ. ಅಮೋನಿಯಾ ಅನಿಲದಲ್ಲಿ ಸುಮಾರು 500ರಿಂದ 550 ಡಿಗ್ರಿಯಲ್ಲಿ ಉಕ್ಕಿನ ಮೈಗೆ ಸಾರಜನಕ ಸೇರಿಸುವ ಈ ಕೆಲಸದಲ್ಲಿ ಕ್ವೆಂಚೇ ಇಲ್ಲ, ಹಾಗಾಗಿ ವಕ್ರವಾಗುವುದು ಬಹಳ ಕಡಿಮೆ. ಅಲ್ಯುಮಿನಿಯಂ ಸೇರಿದ ಇಎನ್41ಬಿಯಲ್ಲಿ ಮೇಲ್ಮೈ 900 ಎಚ್‌ವಿ (ವಿಕರ್ಸ್ ಅಳತೆಯಲ್ಲಿ ಗಡಸುತನ) ದಾಟುತ್ತದೆ. ಇಎನ್19ರಲ್ಲಿ 600ರ ಆಸುಪಾಸು. ಆ ಗಡಸುತನ ಬಿಸಿಯಲ್ಲಿಯೂ ಉಳಿಯುತ್ತದೆ. ಆದರೆ 0.3ರಿಂದ 0.5 ಮಿ.ಮೀ. ಪದರಕ್ಕೆ ಎರಡು ಮೂರು ದಿನ ಬೇಕು. ತೆಳು ಪದರದ ಕೆಳಗಿನ ತಿರುಳು ಮೆತ್ತಗಿದ್ದರೆ ಭಾರೀ ಒತ್ತುವಿಕೆಗೆ ಪದರ ಕುಸಿದು ಒಡೆಯುವುದರಿಂದ ಮೊದಲೇ ಹಾರ್ಡನ್ ಮತ್ತು ಟೆಂಪರ್ ಮಾಡಿರಬೇಕು. ಆ ಟೆಂಪರಿಂಗ್ ನೈಟ್ರೈಡಿಂಗ್ ತಾಪಮಾನಕ್ಕಿಂತ ಕನಿಷ್ಠ 30 ಡಿಗ್ರಿ ಮೇಲಿರಬೇಕು, ಇಲ್ಲವಾದರೆ ತಿರುಳು ಇನ್ನಷ್ಟು ಮೆತ್ತಗಾಗುತ್ತದೆ. ಎಲ್ಲಕ್ಕಿಂತ ಮೇಲಿನ ಬಿಳಿ ಪದರ ದಪ್ಪವಾದರೆ ಪೆಡಸು, ಹೊಡೆತ ಬೀಳುವಲ್ಲಿ ಚಕ್ಕೆ ಏಳುತ್ತದೆ. ಸಾಧಾರಣ ಸವೆತಕ್ಕೆ, ಸುಮಾರು 570 ಡಿಗ್ರಿಯಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಯುವ, ಸಾರಜನಕ ಮತ್ತು ಇಂಗಾಲ ಎರಡನ್ನೂ ಸೇರಿಸುವ ನೈಟ್ರೋಕಾರ್ಬರೈಸಿಂಗ್ ಸಾಕಾಗುತ್ತದೆ.

ಶಾಟ್ ಪೀನಿಂಗ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಚಿಕ್ಕ ಗುಂಡುಗಳನ್ನು ಎರಚಿ ಮೇಲ್ಮೈಯಲ್ಲಿ ಒಂದು ಮಿ.ಮೀ.ನ ಕೆಲವೇ ದಶಾಂಶದಷ್ಟು ಆಳಕ್ಕೆ ಸಂಪೀಡನ ತುಂಬುವ ಈ ಕ್ರಿಯೆ ಸ್ಪ್ರಿಂಗು, ಗೇರಿನ ಹಲ್ಲಿನ ಬುಡ ಮುಂತಾದ ಕಡೆ ಫಟೀಗ್ ಆಯುಷ್ಯವನ್ನು ಚೆನ್ನಾಗಿ ಹೆಚ್ಚಿಸುತ್ತದೆ. ಸವೆತಕ್ಕೂ ಅತಿಹೊರೆಗೂ ಅದರಿಂದ ಪ್ರಯೋಜನವಿಲ್ಲ, ಶುಚಿ ಮಾಡುವ ಶಾಟ್ ಬ್ಲಾಸ್ಟಿಂಗ್ ಅದಕ್ಕೆ ಬದಲಿಯೂ ಅಲ್ಲ.

ಯಾವ ಮುರಿತಕ್ಕೆ ಯಾವುದು

ಶಾಫ್ಟು ವ್ಯಾಸ ಬದಲಾಗುವ ಮೂಲೆಯಲ್ಲಿ ಫಟೀಗ್‌ನಿಂದ ಮುರಿದಿದ್ದು, ಕೊನೆಯ ಒರಟು ಭಾಗ ಚಿಕ್ಕದಾಗಿದ್ದರೆ ಉಕ್ಕನ್ನೂ ಹಾರ್ಡ್‌ನೆಸ್ಸನ್ನೂ ಹಾಗೆಯೇ ಬಿಟ್ಟು ಫಿಲ್ಲೆಟ್ ದೊಡ್ಡದು ಮಾಡಿ ಪಾಲಿಷ್ ಮಾಡಿಸಬೇಕು, ಅಲೈನ್‌ಮೆಂಟ್ ಪರೀಕ್ಷಿಸಬೇಕು. ಜಾಗವಿಲ್ಲದೆ ಫಿಲ್ಲೆಟ್ ದೊಡ್ಡದಾಗದಿದ್ದರೆ ಅದನ್ನು ರೋಲಿಂಗ್ ಅಥವಾ ಪೀನಿಂಗ್ ಮಾಡಿಸುವುದು, ಇಲ್ಲವೇ ಫಿಲ್ಲೆಟ್ಟನ್ನು ಒಳಗೊಂಡ ಇಂಡಕ್ಷನ್ ಪದರ ಮುಂದಿನ ಆಯ್ಕೆ. ಒರಟು ಭಾಗವೇ ಅರ್ಧಕ್ಕಿಂತ ಹೆಚ್ಚಿದ್ದರೆ ಒತ್ತಡ ನಿಜವಾಗಿಯೂ ಹೆಚ್ಚಿದೆ. ಇಎನ್8ರಿಂದ ಇಎನ್19 ಅಥವಾ 24ಕ್ಕೆ ಏರುವುದಕ್ಕೆ ಆಗ ಕಾರಣವಿದೆ.

ಕಬ್ಬು ಅರೆಯುವ ಯಂತ್ರ, ರೋಟವೇಟರ್, ಕ್ರಷರ್ ಮೊದಲಾದವುಗಳಲ್ಲಿ ಒಮ್ಮೆಗೇ ದೊಡ್ಡ ಹೊಡೆತ ಬೀಳುವುದರಿಂದ ಅಲ್ಲಿ ಟಫ್‌ನೆಸ್ಸೇ ಮುಖ್ಯ. ಮಣ್ಣಿನಲ್ಲಿ ಸವೆಯುವ ಪಿನ್ನುಗಳಿಗೆ ಪೂರ್ತಿ 55 ಎಚ್‌ಆರ್‌ಸಿ ಕೊಡುವುದಕ್ಕಿಂತ, 30 ಎಚ್‌ಆರ್‌ಸಿ ಆಸುಪಾಸಿನ ತಿರುಳಿಟ್ಟು ಮೇಲ್ಮೈಗೆ ಮಾತ್ರ ಇಂಡಕ್ಷನ್ ಮಾಡಿಸುವುದು ಸುರಕ್ಷಿತ. ಹಲ್ಲಿನ ಮೈಯಲ್ಲಿ ಗುಳಿ ಬಿದ್ದ ಗೇರಿಗೆ ಕಾರ್ಬರೈಸಿಂಗ್. ಹಲ್ಲು ಬುಡದಿಂದಲೇ ತಟ್ಟನೆ ಮುರಿದು ಹರಳುಹರಳಾಗಿ ಕಂಡರೆ ಕೇಸ್ ಆಳವನ್ನೂ ತಿರುಳಿನ ಹಾರ್ಡ್‌ನೆಸ್ಸನ್ನೂ ತಗ್ಗಿಸುವ ಯೋಚನೆ ಬೇಕು.

ಕಲ್ಲುಸಕ್ಕರೆಯಂಥ ಮುರಿತ ಕಂಡ ಹಾರ್ಡ್ ಕ್ರೋಮ್ ಅಥವಾ ಝಿಂಕ್ ಪ್ಲೇಟಿಂಗ್ ಆದ ಭಾಗದಲ್ಲಿ, ವಿಶೇಷವಾಗಿ ಹೊರೆ ಹಾಕಿ ಕೆಲವು ಗಂಟೆ ಅಥವಾ ದಿನಗಳ ಬಳಿಕ ಯಾರೂ ಮುಟ್ಟದೆಯೇ ಮುರಿದಿದ್ದರೆ, ಹೈಡ್ರೋಜನ್ನೇ ಕಾರಣವಿರಬಹುದು. ಸುಮಾರು 40 ಎಚ್‌ಆರ್‌ಸಿ ಮೀರಿದ ಭಾಗವನ್ನು ಪ್ಲೇಟಿಂಗ್ ಆದ ನಾಲ್ಕು ಗಂಟೆಯೊಳಗೆ 190ರಿಂದ 220 ಡಿಗ್ರಿಯ ಓವನ್ನಿನಲ್ಲಿಟ್ಟು ಹಲವು ಗಂಟೆ ಬೇಕ್ ಮಾಡಲೇಬೇಕು. ಬೇಕಿಂಗ್ ತಡವಾದರೆ ಒಳಗೆ ಹುಟ್ಟಿದ ಬಿರುಕು ಮತ್ತೆ ಮುಚ್ಚುವುದಿಲ್ಲ.

ಸವೆದ ಜಾಗಕ್ಕೆ ವೆಲ್ಡಿಂಗ್ ತುಂಬಿ ಟರ್ನ್ ಮಾಡಿಕೊಳ್ಳುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿದೆ. ಇಎನ್19, ಇಎನ್24ರಲ್ಲಿ ಪ್ರೀಹೀಟ್ ಇಲ್ಲದೆ ಇದನ್ನು ಮಾಡಿದರೆ ವೆಲ್ಡಿನ ಪಕ್ಕದ ಪಟ್ಟಿ ತಣ್ಣನೆಯ ಉಕ್ಕಿನ ರಾಶಿಗೆ ಶಾಖ ಬಿಟ್ಟುಕೊಟ್ಟು ತಾನೇ ಕ್ವೆಂಚ್ ಆದಂತೆ ಪೆಡಸಾಗುತ್ತದೆ, ಒದ್ದೆ ರಾಡಿನ ಹೈಡ್ರೋಜನ್ ಅದರೊಳಗೆ ಸೇರುತ್ತದೆ, ಶಾಫ್ಟು ವೆಲ್ಡಿನ ಅಂಚಿನಲ್ಲೇ ಮತ್ತೆ ಮುರಿಯುತ್ತದೆ. 250ರಿಂದ 300 ಡಿಗ್ರಿಗೆ ಮೊದಲೇ ಕಾಯಿಸಿ, ಒಣಗಿಸಿದ ಲೋ ಹೈಡ್ರೋಜನ್ ರಾಡು ಬಳಸಿ, ಆಮೇಲೆ ನಿಧಾನವಾಗಿ ತಣಿಸಿ ಟೆಂಪರ್ ಮಾಡುವ ಅನುಕೂಲವಿಲ್ಲದಿದ್ದರೆ ಸ್ಲೀವ್ ಹಾಕಿಸುವುದೇ ಮೇಲು.

ಜಾಬ್ ಕಾರ್ಡಿನಲ್ಲಿ ಬರೆಯಬೇಕಾದ್ದು

ಹೀಟ್ ಟ್ರೀಟರಿಗೆ "ಹಾರ್ಡನಿಂಗ್ ಮಾಡಿ" ಎಂದು ಬಾಯಿಮಾತಿನಲ್ಲಿ ಹೇಳಿ ಬರುವುದು ಅರ್ಧ ತೊಂದರೆಗಳ ಮೂಲ. ಉಕ್ಕಿನ ದರ್ಜೆಯನ್ನು ಟೆಸ್ಟ್ ಸರ್ಟಿಫಿಕೇಟಿನೊಡನೆ ಕೊಡಬೇಕು. ಇಎನ್8 ಎಂದುಕೊಂಡು ಕೊಟ್ಟ ಇಎನ್24ನ್ನು ನೀರಿನಲ್ಲಿ ಕ್ವೆಂಚ್ ಮಾಡಿದರೆ ಅದು ಫರ್ನೇಸ್ ಪಕ್ಕದಲ್ಲಿಯೇ ಸೀಳುತ್ತದೆ. ಹಾರ್ಡ್‌ನೆಸ್ಸನ್ನು "ಕನಿಷ್ಠ 28" ಎನ್ನದೆ "28ರಿಂದ 32" ಎಂಬಂತೆ ಮೇಲಿನ ಮಿತಿಯನ್ನೂ ಸೇರಿಸಿ ಬರೆಯಬೇಕು, ಏಕೆಂದರೆ ಮುರಿತದ ಅಪಾಯವಿರುವುದು ಮೇಲಿನ ಮಿತಿಯ ಕಡೆ. ಕಾರ್ಬರೈಸ್ ಮಾಡಿದ ಕೇಸ್ ಆಳವೆಂದರೆ 550 ಎಚ್‌ವಿ ತನಕದ ಆಳ ಎಂಬ ಅರ್ಥವನ್ನು ಕಾರ್ಡಿನಲ್ಲೇ ನಮೂದಿಸಿದರೆ ಆಮೇಲೆ ವಾದಕ್ಕೆ ಎಡೆಯಿರದು. ಅದೇ ಉಕ್ಕಿನ ಚಿಕ್ಕ ತುಂಡೊಂದನ್ನು ಜಾಬಿನ ಜೊತೆಯಲ್ಲೇ ಫರ್ನೇಸಿಗೆ ಹಾಕಿಸಿ, ಕತ್ತರಿಸಿ ನೋಡಬೇಕು. ಕ್ವೆಂಚ್ ಆದ ಜಾಬನ್ನು ಮರುದಿನದವರೆಗೆ ಬಿಡದೆ ಕೈ ತಾಳುವಷ್ಟು ತಣಿದ ಕೂಡಲೇ ಟೆಂಪರ್ ಮಾಡಬೇಕೆಂಬುದೂ, ಮುಗಿದ ಮೇಲೆ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆಯಲ್ಲಿ ಬಿರುಕು ನೋಡಬೇಕೆಂಬುದೂ ಕಾರ್ಡಿನಲ್ಲಿರಲಿ. ಗ್ರೈಂಡಿಂಗ್ ಬೇರೆ ಕಡೆ ಮಾಡಿಸುವುದಾದರೆ ಕೂಲೆಂಟ್ ಧಾರಾಳವಾಗಿರಬೇಕು, ಕಟ್ ಸಣ್ಣದಿರಬೇಕು. ವೀಲ್ ಒತ್ತಿದ ಬಿಸಿಗೆ ಮೇಲ್ಮೈ ಸುಟ್ಟಿದೆಯೇ ಎಂಬುದನ್ನು ನೈಟಲ್ ದ್ರಾವಣ (ಸ್ಪಿರಿಟ್‌ನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ) ಸವರಿದಾಗ ಕಾಣುವ ಕಪ್ಪು ಅಥವಾ ಬಿಳಿ ಕಲೆಗಳಿಂದ ತಿಳಿಯಬಹುದು, ಮತ್ತು ಅಂಥ ಕಲೆಯಿರುವ ಭಾಗವನ್ನು ಅದರ ಹಾರ್ಡ್‌ನೆಸ್ ಎಷ್ಟೇ ಸರಿಯಾಗಿದ್ದರೂ ಯಂತ್ರಕ್ಕೆ ಜೋಡಿಸಬಾರದು.